ಜಾವಾದ ಹಳ್ಳಿಯಲ್ಲಿ ಗದ್ದೆ, ಮನೆ ಕೊಂಡು ನೆಲೆಸಬಹುದೇ?

ನಮಸ್ಕಾರ. ನಿಮ್ಮ ಹೆಂಡತಿ ಮಧ್ಯ ಜಾವಾದ ಹಳ್ಳಿಯವರು, ನೀವು ಜಕಾರ್ತದಲ್ಲಿ ಕೆಲಸದಲ್ಲಿದ್ದೀರಿ, ಐವತ್ತು ಲಕ್ಷ ರೂಪಾಯಿಯಷ್ಟು ಉಳಿತಾಯ ಇದೆ. ಅವರ ಊರಲ್ಲೇ ಮನೆ, ಗದ್ದೆ ಕೊಂಡರೆ ಜೀವನ ಸಾಗುತ್ತಾ, ಮುಂದೆ ಬೆಲೆ ಏರುತ್ತಾ ಅಂತ ಕೇಳಿದ್ದೀರಿ. ನಾನು ಮಂಡ್ಯ ಕಡೆಯವನು, ಹೆಂಡತಿ ಜಾವಾದವಳು. ಒಂಬತ್ತು ವರ್ಷದಿಂದ ಕ್ಲಾತೆನ್ ಜಿಲ್ಲೆಯ ಹಳ್ಳಿಯೊಂದರಲ್ಲಿದ್ದೇನೆ. ಬೆಳಿಗ್ಗೆ ಬಾಗಿಲು ತೆಗೆದರೆ ಎದುರಿಗೆ ಭತ್ತದ ಗದ್ದೆ, ಅದರಾಚೆ ಮೆರಾಪಿ ಬೆಟ್ಟ. ಖಂಡಿತ ಬಂದು ನೆಲೆಸಿ. ಆದರೆ ಗದ್ದೆಯಿಂದ ದುಡ್ಡು ಬರುತ್ತೆ ಅಂತ ಗದ್ದೆ ಕೊಳ್ಳಬೇಡಿ.

ಮೊದಲು ಕಾನೂನು. ಇಲ್ಲಿನ ಭೂಮಿಗೆಲ್ಲ ಆಧಾರ 1960ರ 5ನೇ ನಂಬರ್ ಕಾಯ್ದೆ. ಅದರ ಪ್ರಕಾರ ‘ಹಕ್ ಮಿಲಿಕ್’, ಅಂದರೆ ಪೂರ್ತಿ ಒಡೆತನ, ಇಂಡೋನೇಷ್ಯಾದ ಪ್ರಜೆಗೆ ಮಾತ್ರ. ನಮ್ಮಂಥವರಿಗೆ ಸಿಗುವುದು ‘ಹಕ್ ಪಕಾಯ್’, ಬಳಸುವ ಹಕ್ಕು: ಮೊದಲು 30 ವರ್ಷ, ಆಮೇಲೆ 20, ಆಮೇಲೆ ಮತ್ತೆ 30. ವಿದೇಶಿಯರು ಕೊಳ್ಳುವ ಮನೆಗೆ ಸರ್ಕಾರ ಕನಿಷ್ಠ ಬೆಲೆಯನ್ನೂ ಕಟ್ಟಿದೆ, ಹಳ್ಳಿ ಮನೆಗಳು ಅದರ ಹತ್ತಿರಕ್ಕೂ ಬರುವುದಿಲ್ಲ. ಹಾಗಾಗಿ ನಿಮಗೆ ಉಳಿಯುವ ದಾರಿ ನಿಮ್ಮಾಕೆಯ ಹೆಸರು. ಅಲ್ಲೂ ಒಂದು ತೊಡಕಿದೆ. ಮದುವೆಯಾದ ಮೇಲೆ ಕೊಂಡದ್ದು ಇಬ್ಬರ ಆಸ್ತಿ ಅಂತ ಲೆಕ್ಕ, ಅದರಲ್ಲಿ ಅರ್ಧ ವಿದೇಶಿಯದ್ದು ಅಂತಾದರೆ ಹಕ್ ಮಿಲಿಕ್ ಕೈತಪ್ಪುತ್ತದೆ. ಅದಕ್ಕೇ ಆಸ್ತಿ ಬೇರೆ ಬೇರೆ ಅಂತ ನೋಟರಿಯ ಮುಂದೆ ಒಪ್ಪಂದ ಮಾಡಿ ನೋಂದಾಯಿಸಬೇಕು. ಮುಂಚೆ ಇದನ್ನು ಮದುವೆಗೆ ಮೊದಲೇ ಮಾಡಬೇಕಿತ್ತು. 2016ರಲ್ಲಿ ಹೊರಬಂದ ಸಂವಿಧಾನ ನ್ಯಾಯಾಲಯದ ತೀರ್ಪಿನ ನಂತರ ಮದುವೆಯಾದ ಮೇಲೂ ಮಾಡಬಹುದು. ನಾವು ಮಾಡಿಸಿದ್ದು ಹಾಗೆಯೇ.

ಗೆಳೆಯನ ಹೆಸರಲ್ಲೋ ಡ್ರೈವರ್ ಹೆಸರಲ್ಲೋ ಕೊಂಡು ಪಕ್ಕದಲ್ಲಿ ಒಂದು ಖಾಸಗಿ ಪತ್ರ ಬರೆಸಿಕೊಳ್ಳಿ ಅಂತ ನಿಮಗೆ ಯಾರಾದರೂ ಹೇಳೇ ಹೇಳ್ತಾರೆ. ದಯವಿಟ್ಟು ಬೇಡ. ಅದೇ ಕಾಯ್ದೆಯ 26ನೇ ವಿಧಿಯಲ್ಲಿ ಅಂಥ ವ್ಯವಹಾರ ಅಸಿಂಧು, ಭೂಮಿ ಸರ್ಕಾರಕ್ಕೆ, ಕೊಟ್ಟ ದುಡ್ಡೂ ವಾಪಸ್ ಇಲ್ಲ. ನನಗೆ ಪರಿಚಯದ ಒಬ್ಬರು ಹೀಗೆ ಹತ್ತು ವರ್ಷದ ಸಂಬಳ ಕಳೆದುಕೊಂಡರು. ಅವರ ಮುಖ ಈಗಲೂ ಕಣ್ಣ ಮುಂದೆ ಬರುತ್ತದೆ.

ಈಗ ಗದ್ದೆಯ ಲೆಕ್ಕ. ನಮ್ಮತ್ತೆಗೆ 1,700 ಚದರ ಮೀಟರ್ ಗದ್ದೆ ಇದೆ, ನಮ್ಮ ಲೆಕ್ಕದಲ್ಲಿ ಸುಮಾರು 17 ಗುಂಟೆ. ಇಲ್ಲಿ ಅದನ್ನೇನೂ ಸಣ್ಣದು ಅನ್ನಲ್ಲ. ಕರ್ನಾಟಕಕ್ಕಿಂತ ಚಿಕ್ಕದಾದ ಈ ದ್ವೀಪದಲ್ಲಿ 2020ರ ಜನಗಣತಿಯಂತೆ 15 ಕೋಟಿ ಜನ ಇದ್ದಾರೆ, ಪ್ರತಿ ತಲೆಮಾರಿಗೂ ಗದ್ದೆ ಹೋಳಾಗುತ್ತಲೇ ಬಂದಿದೆ. ಅತ್ತೆ ಗದ್ದೆಯನ್ನು ‘ಮಾರೊ’ಗೆ ಕೊಟ್ಟಿದ್ದಾರೆ. ನಮ್ಮ ಕಡೆ ವಾರಕ್ಕೆ ಕೊಡುವುದು ಅಂತೀವಲ್ಲ, ಅದೇ: ಬೆಳೆದವನಿಗೆ ಅರ್ಧ, ಒಡೆಯನಿಗೆ ಅರ್ಧ. ಒಳ್ಳೆಯ ಬೆಳೆ ಬಂದರೆ ಒಂದು ಟನ್ ಹತ್ತಿರ ಭತ್ತ. 2025ರಲ್ಲಿ ಸರ್ಕಾರ ಕಟ್ಟಿದ ಖರೀದಿ ಬೆಲೆ ಕಿಲೋಗೆ 6,500 ರುಪಿಯಾ, ಅಂದರೆ ಇಲ್ಲಿನ ದುಡ್ಡು. ನಮ್ಮ ಒಂದು ರೂಪಾಯಿಗೆ ಸುಮಾರು 190 ರುಪಿಯಾ ಅಂತ ಹಿಡಿದರೆ ಒಂದು ಬೆಳೆಗೆ ಅತ್ತೆಯ ಪಾಲು ಹದಿನಾರು ಸಾವಿರ ರೂಪಾಯಿ ಚಿಲ್ಲರೆ, ಅದರಲ್ಲೂ ಗೊಬ್ಬರದ ಪಾಲು ಕಳೆಯಬೇಕು. ಇಲಿ ಹೊಕ್ಕ ವರ್ಷ ಅದೂ ಇಲ್ಲ. ಇಂಥದ್ದೇ ಗದ್ದೆಯನ್ನು ಇವತ್ತು ಕೊಳ್ಳಲು ಹೊರಟರೆ ನಮ್ಮೂರಲ್ಲಿ ಚದರ ಮೀಟರಿಗೆ ಮೂರೂವರೆ ಲಕ್ಷ ರುಪಿಯಾ ಕೇಳುತ್ತಾರೆ. ಒಟ್ಟು ಮೂವತ್ತು ಲಕ್ಷ ರೂಪಾಯಿಗೂ ಮೇಲೆ. ವರ್ಷಕ್ಕೆ ಎರಡು ಭತ್ತ, ಒಂದು ಕಡಲೆಕಾಯೋ ಸೋಯಾವೋ ತೆಗೆದರೂ ಹಾಕಿದ ದುಡ್ಡಿಗೆ ನೂರಕ್ಕೆ ಒಂದು ರೂಪಾಯಿ ಹುಟ್ಟುವುದು ಕಷ್ಟ.

ಹಾಗಿದ್ದೂ ಅತ್ತೆ ಮಾರಲ್ಲ. ವರ್ಷದ ಊಟದ ಅಕ್ಕಿ ಅಲ್ಲಿಂದಲೇ ಬರಬೇಕು, ಅಂಗಡಿ ಅಕ್ಕಿ ತಂದರೆ ಅವರಿಗೆ ಅವಮಾನ. ನಮ್ಮಮ್ಮನೂ ಹೀಗೇ ಇದ್ದರು.

ಬೆಲೆ ಏರುತ್ತಾ ಅಂದಿರಿ. ಕೆಲವು ಕಡೆ ಏರಿದೆ. ಸೋಲೋ–ಯೋಗ್ಯಕರ್ತ ಟೋಲ್ ರಸ್ತೆ ನಮ್ಮ ಜಿಲ್ಲೆಯ ಗದ್ದೆಗಳ ಮೇಲೇ ಹಾದಿದೆ. ಪರಿಹಾರ ಸಿಕ್ಕವರು ಹೊಸ ಮನೆ ಕಟ್ಟಿದರು, ಅಕ್ಕಪಕ್ಕದವರು ತಮ್ಮ ಗದ್ದೆಗೂ ಅದೇ ಬೆಲೆ ಅಂತ ಕೂತರು. ಆದರೆ ರಸ್ತೆ ಯಾರ ಗದ್ದೆಯ ಮೇಲೆ ಹಾಯುತ್ತೆ ಅನ್ನುವುದು ಅದೃಷ್ಟ. ಗದ್ದೆಯನ್ನು ಸೈಟ್ ಮಾಡಿ ಮಾರುವುದೂ ಸಲೀಸಲ್ಲ. ಆಹಾರ ಬೆಳೆಯುವ ಭೂಮಿಯನ್ನು ಕಾಪಾಡಲೆಂದೇ 2009ರ ಕಾಯ್ದೆ ಇದೆ, ಆ ಪಟ್ಟಿಗೆ ಸೇರಿದ ಗದ್ದೆಯಲ್ಲಿ ಮನೆ ಕಟ್ಟುವಂತಿಲ್ಲ. ನನ್ನ ಮನಸ್ಸಿಗೆ ಅದೇ ಸರಿ ಅನ್ನಿಸುತ್ತದೆ. ಬೆಂಗಳೂರು ಸುತ್ತ ನಾವು ಏನು ಮಾಡಿದೆವು ಅಂತ ಕಂಡಿದ್ದೇವಲ್ಲ.

ಕಾಗದಪತ್ರದಲ್ಲಿ ಮಾತ್ರ ತುಂಬ ಎಚ್ಚರ ಇರಲಿ. ‘ಲೆತೆರ್ ಸೆ’ ಅಂತ ತೋರಿಸುತ್ತಾರೆ. ಅದು ಹಳ್ಳಿ ಕಚೇರಿಯ ಹಳೇ ಕಂದಾಯ ಪುಸ್ತಕದ ನಮೂದು, ಒಡೆತನದ ಸರ್ಟಿಫಿಕೇಟ್ ಅಲ್ಲ. ನಾವು ಮನೆ ಕಟ್ಟಿದ ಜಾಗ ಹೆಂಡತಿಯ ಮುತ್ತಜ್ಜನ ಹೆಸರಲ್ಲೇ ಇತ್ತು, ವಾರಸುದಾರರು ಹನ್ನೊಂದು ಜನ. ಅವರಲ್ಲಿ ಮೂವರು ಸುಮಾತ್ರಾದ ಲಾಂಪುಂಗಿನಲ್ಲಿ. 1905ರಲ್ಲಿ ಡಚ್ಚರು ಜಾವಾದ ಜನರನ್ನು ಲಾಂಪುಂಗಿಗೆ ಕಳಿಸಲು ಶುರುಮಾಡಿದ್ದು, ಆಮೇಲೂ ನಿಲ್ಲಲಿಲ್ಲ. ಹಾಗಾಗಿ ಇಲ್ಲಿನ ಬಹಳ ಮನೆಗಳಿಗೆ ಅಲ್ಲೊಂದು ಕವಲಿದೆ. ಹನ್ನೊಂದು ಸಹಿ ಕೂಡಿಸಲು ನಮಗೆ ಹದಿನಾಲ್ಕು ತಿಂಗಳು ಹಿಡಿಯಿತು. ಈದ್ ಹಬ್ಬಕ್ಕೆ ಎಲ್ಲರೂ ಊರಿಗೆ ಬಂದಾಗ ಕೊನೆಯ ಎರಡು ಸಹಿ ಬಿತ್ತು, ಅತ್ತೆ ಅಳುತ್ತಾ ಎಲ್ಲರಿಗೂ ಟೀ ಕೊಟ್ಟರು. ಆಮೇಲೆ ಮಾರಾಟಪತ್ರ, ಕೊಳ್ಳುವವರ ತೆರಿಗೆ ನೂರಕ್ಕೆ ಐದು, ಮಾರುವವರದ್ದು ಎರಡೂವರೆ. ಇನ್ನೊಂದು ಮಾತು: ಹಳ್ಳಿಯ ಮುಖ್ಯಸ್ಥರಿಗೆ ಸಂಬಳದ ಬದಲು ಬಿಟ್ಟ ‘ಬೆಂಗ್ಕೊಕ್’ ಗದ್ದೆ ಇರುತ್ತದೆ. ಅದು ಊರಿನ ಆಸ್ತಿ. ಅಗ್ಗಕ್ಕೆ ಸಿಗುತ್ತೆ ಅಂದರೆ ದೂರ ಇರಿ.

ಇನ್ನು ಬದುಕು. ಇದನ್ನು ಹೇಳದೆ ಆಸ್ತಿ ಮಾತು ಮುಗಿಯಲ್ಲ. ನಮ್ಮ ಮನೆಯ ಮುಂಗಂಬಕ್ಕೆ ಒಂದು ಸಣ್ಣ ಡಬ್ಬಿ ನೇತುಹಾಕಿದೆ, ಊರಿನ ಎಲ್ಲ ಮನೆಗೂ ಹಾಗೆಯೇ. ಸಂಜೆ ಅದಕ್ಕೆ ಒಂದು ಹಿಡಿ ಅಕ್ಕಿ ಹಾಕಬೇಕು, ಈಗೀಗ 500 ರುಪಿಯಾದ ನಾಣ್ಯ ಹಾಕುವವರೇ ಹೆಚ್ಚು. ಇದು ‘ಜಿಂಪಿತನ್’. ರಾತ್ರಿ ಗಸ್ತಿನ ಗಂಡಸರು ಟಾರ್ಚ್ ಹಿಡಿದು ಮನೆಮನೆಯ ಡಬ್ಬಿ ಬರಿದು ಮಾಡುತ್ತಾ ಹೋಗುತ್ತಾರೆ. ಕೂಡಿದ ದುಡ್ಡು ಬೀದಿ ದೀಪಕ್ಕೆ, ಕಾಯಿಲೆಯವರಿಗೆ, ಸಾವಿನ ಮನೆಗೆ. ಡಬ್ಬಿ ಎರಡು ರಾತ್ರಿ ಖಾಲಿ ಇದ್ದರೆ ಮೂರನೇ ದಿನ ಯಾರಾದರೂ ಬಂದು ಮೆಲ್ಲಗೆ ಕೇಳುತ್ತಾರೆ: ಮಾಸ್, ಮನೇಲಿ ಎಲ್ಲ ಆರಾಮಾ? ಮಾಸ್ ಅಂದರೆ ಅಣ್ಣ. ನನ್ನ ಪಾಳಿ ಗುರುವಾರ ರಾತ್ರಿ. ಮೊದಲ ವರ್ಷ ನಾನು ದುಡ್ಡು ಕೊಟ್ಟು ಪಾಳಿ ತಪ್ಪಿಸುತ್ತಿದ್ದೆ, ಯಾರೂ ಏನೂ ಅನ್ನಲಿಲ್ಲ. ಆದರೆ ಗಡಿ ಅಳೆಯುವ ದಿನ ಪಕ್ಕದ ಗದ್ದೆಯವರು ಸಾಕ್ಷಿ ಹಾಕಲು ಬರಲೂ ಇಲ್ಲ. ಗುರುವಾರ ಕೂರಲು ಶುರುಮಾಡಿದ ಮೇಲೆ ಅವರೇ ಬಂದು ಕಲ್ಲು ನೆಡಿಸಿದರು.

ಮದುವೆ, ಸಾವು, ಮಗು ಹುಟ್ಟಿದ್ದು, ಎಲ್ಲದಕ್ಕೂ ಹೋಗಬೇಕು, ಕವರ್ ಕೊಡಬೇಕು. ಮದುವೆಯ ತಿಂಗಳುಗಳಲ್ಲಿ ನಮ್ಮ ದಿನಸಿಗಿಂತ ಅದೇ ಖರ್ಚು ಜಾಸ್ತಿ. ಹಿರಿಯರ ಹತ್ತಿರ ‘ಕ್ರಾಮಾ’ ಎಂಬ ಗೌರವದ ಮಾತಾಡಬೇಕು. ಜಕಾರ್ತದಲ್ಲಿ ಕಲಿತ ಇಂಡೋನೇಷ್ಯನ್ ಭಾಷೆಯಲ್ಲೇ ಕೆಲಸ ನಡೆಯುತ್ತೆ, ಆದರೆ ನಾಲ್ಕು ಕ್ರಾಮಾ ಪದ ಬಂದರೆ ಅಜ್ಜಿಯಂದಿರ ಮುಖ ಅರಳುತ್ತದೆ. ‘ಬುಮಿ’ ನಮ್ಮ ಭೂಮಿಯೇ, ‘ದೇಸ’ ಅಂದರೆ ಹಳ್ಳಿ. ಊಟಕ್ಕೆ ತೊಂದರೆ ಇಲ್ಲ, ಹಲಸು, ತೆಂಗು, ಸೊಪ್ಪು, ಅನ್ನ. ರಾಗಿ ಮಾತ್ರ ಊರಿಂದಲೇ ಬರಬೇಕು. ಮನೆ ಕಟ್ಟುವಾಗ ಕಬ್ಬಿಣಕ್ಕೆ ಜಿಪುಣತನ ಬೇಡ, 2006ರ ಮೇ 27ರ ಭೂಕಂಪದಲ್ಲಿ ಈ ಜಿಲ್ಲೆಯಲ್ಲೂ ಬಹಳ ಮನೆ ಬಿದ್ದಿವೆ.

ನಿಮ್ಮ ಐವತ್ತು ಲಕ್ಷದಲ್ಲಿ ಸರ್ಟಿಫಿಕೇಟ್ ಇರುವ ಒಂದು ಸೈಟ್, ಹದವಾದ ಒಂದು ಮನೆ ಆಗುತ್ತದೆ, ಒಂದಿಷ್ಟು ಕೈಯಲ್ಲೂ ಉಳಿಯುತ್ತದೆ. ತಿಂಗಳ ಸಂಪಾದನೆಗೆ ಮಾತ್ರ ಬೇರೆ ದಾರಿ ಇರಲೇಬೇಕು. ಮೊದಲು ಒಂದು ವರ್ಷ ಅಲ್ಲೇ ಬಾಡಿಗೆಗಿರಿ. ಅಷ್ಟಾದ ಮೇಲೂ ಗದ್ದೆ ಬೇಕೇಬೇಕು ಅನ್ನಿಸಿದರೆ ನಿಮ್ಮಾಕೆಯ ಕೆಟಿಪಿ ಕಾರ್ಡಿನ, ಅಂದರೆ ಇಲ್ಲಿನ ಗುರುತಿನ ಚೀಟಿಯ, ವಿಳಾಸ ನೋಡಿ. ಗದ್ದೆಯ ಒಡೆಯರು ಅದೇ ತಾಲೂಕಿನಲ್ಲೋ ಪಕ್ಕದ ತಾಲೂಕಿನಲ್ಲೋ ವಾಸವಿರಬೇಕು ಅಂತ 1961ರಿಂದ ನಿಯಮವಿದೆ. ಕಾರ್ಡ್ ಜಕಾರ್ತಕ್ಕೆ ವರ್ಗವಾಗಿದ್ದರೆ ಅದನ್ನು ಊರಿಗೆ ತರಿಸಿಕೊಂಡೇ ಮುಂಗಡ ಕೊಡಿ.