ಹನ್ನೊಂದೇ ಮಕ್ಕಳ ಶಾಲೆಗೆ ಮಗನನ್ನು ಸೇರಿಸಬಹುದಾ?

ಪ್ರಶ್ನೆ: ಮಗ 8ನೇ ತರಗತಿ. ಅರವತ್ತು ಮಕ್ಕಳ ಕ್ಲಾಸಲ್ಲಿ ಬಾಯಿಯೇ ಬಿಡುವುದಿಲ್ಲ. ಹತ್ತಿರದಲ್ಲೇ ಹನ್ನೊಂದು ಮಕ್ಕಳ ಪರ್ಯಾಯ ಶಾಲೆ ಇದೆ. ಅಲ್ಲಿಗೆ ಕಳಿಸೋಣ ಅಂದರೆ ಮನೆಯವರು, ‘ಎಸ್ಸೆಸ್ಸೆಲ್ಸಿ ಇಲ್ಲದೆ ಪಿಯುಗೆ ಯಾರು ಸೇರಿಸಿಕೊಳ್ತಾರೆ?’ ಅಂತಾರೆ. ಏನು ಮಾಡಲಿ?
– ಒಬ್ಬ ತಾಯಿ, ಸಾಗರ

ಉತ್ತರ: ಮೊದಲು ನಿಮ್ಮ ಮನೆಯವರ ಪ್ರಶ್ನೆಗೇ ಬರುತ್ತೇನೆ ಅಮ್ಮ. ಇಂಥ ಶಾಲೆಗಳ ಎಷ್ಟೋ ಮಕ್ಕಳು ಹತ್ತನೇ ತರಗತಿ ಪರೀಕ್ಷೆಯನ್ನು ಎನ್‌ಐಓಎಸ್ ಮೂಲಕ ಬರೆಯುತ್ತಾರೆ. ಅದು 1989ರಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ, ದಿನಾ ತರಗತಿಗೆ ಹೋಗದೆಯೇ ಪರೀಕ್ಷೆ ಬರೆಯಬಹುದಾದ ಮುಕ್ತ ಶಾಲೆ. 14 ವರ್ಷ ತುಂಬಿರಬೇಕು. ಐದು ವಿಷಯ ಪಾಸಾದರೆ ಸಾಕು. ಪರೀಕ್ಷೆ ವರ್ಷಕ್ಕೆ ಎರಡು ಸಲ, ಒಮ್ಮೆ ಹೆಸರು ನೋಂದಾಯಿಸಿದರೆ ಮುಗಿಸಲು 5 ವರ್ಷ ಟೈಮ್ ಇರುತ್ತದೆ. ಆ ಮಾರ್ಕ್ಸ್ ಕಾರ್ಡ್ ಮೇಲೆ ಪಿಯು ಸೇರಬಹುದು. ಆದರೆ ಎನ್‌ಐಓಎಸ್ ಪರೀಕ್ಷೆಗೆ ಗಣಿತ ಕಡ್ಡಾಯವಲ್ಲ. ಮಗನಿಗೆ ಮುಂದೆ ಸೈನ್ಸ್ ಬೇಕೆಂದರೆ ಗಣಿತ, ವಿಜ್ಞಾನ ಎರಡನ್ನೂ ಮರೆಯದೆ ತೆಗೆದುಕೊಳ್ಳಲಿ.

ಇನ್ನು ಅವನು ಮಾತಾಡದ ವಿಷಯ. ಇದೇ ನನಗೆ ಜಾಸ್ತಿ ಮುಖ್ಯ. ನಾನು ಇಂಥದ್ದೇ ಪುಟ್ಟ ಶಾಲೆಯಲ್ಲಿ ಆರು ವರ್ಷ ಗಣಿತ ಹೇಳಿಕೊಟ್ಟವನು. ಎಂಟನೇ ತರಗತಿಗೆ ಬಂದ ಒಬ್ಬ ಹುಡುಗಿ ಮೂರು ತಿಂಗಳು ತುಟಿ ಬಿಚ್ಚಲಿಲ್ಲ. ಒಂದು ದಿನ ಬಾವಿಯ ಆಳ ಅಳೆಯಲು ಹೊರಟೆವು. ಹಗ್ಗದ ತುದಿಗೆ ಕಲ್ಲು ಕಟ್ಟಿ, ಮೊಳಕ್ಕೊಂದು ಗಂಟು ಹಾಕಿ ಇಳಿಬಿಟ್ಟೆವು. ಮೇಲಕ್ಕೆ ಎಳೆಯುತ್ತಾ ನಾನು ಹದಿನಾರು ಅಂದೆ. ಒದ್ದೆ ಹಗ್ಗ ಹಿಡಿದಿದ್ದ ಅವಳು, ‘ಇಲ್ಲ ಸರ್, ಹದಿನೇಳು’ ಅಂದಳು. ಮತ್ತೆ ಎಣಿಸಿದೆವು. ಹದಿನೇಳೇ! ಐದು ಜನ ಸುತ್ತ ಕೂತಾಗ ಹಿಂದಿನ ಬೆಂಚು ಅಂತ ಇರುವುದಿಲ್ಲ ಅಲ್ವಾ? ಮಗು ಕಣ್ಣಿಗೆ ಬಿದ್ದೇ ಬೀಳುತ್ತದೆ.

ಕಷ್ಟವೂ ಇದೆ. ನಮ್ಮಲ್ಲಿ ಕಬಡ್ಡಿಗೆ ಎರಡು ತಂಡ ಆಗುವಷ್ಟು ಮಕ್ಕಳಿರಲಿಲ್ಲ. ಸಂಜೆ ಊರಿನ ಸರ್ಕಾರಿ ಶಾಲೆ ಮೈದಾನಕ್ಕೆ ಹೋಗುತ್ತಿದ್ದರು. ಇರುವ ಒಬ್ಬ ಗೆಳೆಯನ ಜೊತೆ ಜಗಳವಾದರೆ ಇನ್ನೊಬ್ಬ ಸಿಗುವುದಿಲ್ಲ. ಹದಿನಾಲ್ಕರ ವಯಸ್ಸಿನಲ್ಲಿ ಅದು ದೊಡ್ಡ ನೋವು.

ಟಿಸಿ ತರುವ ಮೊದಲು ಒಂದು ವಾರ ಅವನನ್ನು ಅಲ್ಲಿ ಸುಮ್ನೆ ಕೂರಲು ಬಿಡಿ. ಗಣಿತ ಕಲಿಸುವವರು ಯಾರು, ಅವರು ಊರಿಗೆ ಹೋದರೆ ಪಾಠ ಯಾರು ಮಾಡುತ್ತಾರೆ ಎಂದು ಕೇಳಿ. ಅಲ್ಲಿ ಹತ್ತನೇ ತರಗತಿ ಮುಗಿಸಿದ ಒಂದು ಮಗುವಿನ ಮನೆಗೆ ಹೋಗಿ ಬನ್ನಿ. ನಿಮ್ಮ ಮನೆಯವರನ್ನೂ ಕರೆದುಕೊಂಡು ಹೋಗಿ.