ಬಲೂನ್ ಗೋಬರ್ ಗ್ಯಾಸ್ ಸೋರುತ್ತಿದೆಯೇ? ಬಟ್ಟೆಗಿಂತ ಮೊದಲು ಬೆಸುಗೆ ನೋಡಿ

ಸಗಣಿಯಿಂದ ಗ್ಯಾಸ್ ಮಾಡುವ ಬಟ್ಟೆಯ ಬಲೂನು ಸೋರುತ್ತಿದೆ, ಏನು ಮಾಡಲಿ ಎಂದು ನಮ್ಮ ಗುಂಪಿನಲ್ಲಿ ಒಬ್ಬರು ಕೇಳಿದ್ದಾರೆ. ಅದಕ್ಕೆ ಇನ್ನೊಬ್ಬರು ಹಾಟ್ ಏರ್ ಗನ್ (ಬಿಸಿ ಗಾಳಿ ಊದುವ ಉಪಕರಣ) ತಂದು ಬೆಸೆದುಬಿಡಿ ಎಂದಿದ್ದಾರೆ. ದಯವಿಟ್ಟು ಬಲೂನು ಗುಂಡಿಯಲ್ಲಿರುವಾಗ ಆ ಕೆಲಸಕ್ಕೆ ಕೈ ಹಾಕಬೇಡಿ. ಗಾಳಿಯಲ್ಲಿ ಮೀಥೇನ್ (ಗೋಬರ್ ಗ್ಯಾಸಿನ ಉರಿಯುವ ಅಂಶ) ಶೇ. 5ರಿಂದ 15ರಷ್ಟು ಬೆರೆತಿದ್ದರೆ ಒಂದು ಕಿಡಿ ಸಾಕು, ಸ್ಫೋಟವಾಗುತ್ತದೆ. ಗ್ಯಾಸ್ ತುಂಬಿದ ಬಲೂನಿಗಿಂತ, ಗ್ಯಾಸ್ ಬಿಟ್ಟು ಒಳಗೆ ಗಾಳಿ ಸೇರಿಕೊಂಡ ಬಲೂನೇ ಹೆಚ್ಚು ಅಪಾಯ. ಗನ್ನಿನೊಳಗಿನ ಕಾಯಿಲ್ ಕೆಂಪಗೆ ಕಾದಿರುತ್ತದೆ ಎಂಬುದು ನೆನಪಿರಲಿ. ಬಿಸಿ ಬೆಸುಗೆ ಏನಿದ್ದರೂ ಬಗ್ಗಡ (ಒಳಗಿನ ಸಗಣಿ-ನೀರಿನ ರಾಡಿ) ಪೂರ್ತಿ ತೆಗೆದು, ತೊಳೆದು, ಗುಂಡಿಯಿಂದ ಮೇಲೆತ್ತಿ, ಎರಡೂ ಬಾಯಿ ತೆರೆದು ಗಾಳಿಗೆ ಬಿಟ್ಟ ಬಟ್ಟೆಗೆ ಮಾತ್ರ.

ಈಗ ಮೊದಲಿನವರು ಕೇಳಿದ ವಿಷಯ: ನಾಲ್ಕು ಹಸು, ಪಿವಿಸಿ ಬಟ್ಟೆಯ ಬಲೂನು, ಮೂರನೇ ಬೇಸಿಗೆ. ಮಧ್ಯಾಹ್ನ ಉಬ್ಬಿದ್ದು ಬೆಳಗಿನ ಜಾವಕ್ಕೆ ಸೊರಗುತ್ತದೆ, ಉದ್ದದ ಬೆಸುಗೆಯ ಅಂಚಿನಲ್ಲಿ ಸೋಪಿನ ನೀರು ಹಾಕಿದರೆ ಗುಳ್ಳೆ ಬರುತ್ತದೆ, ಸಿಲಿಕೋನ್ ಬಳಿದರೂ ನಿಲ್ಲಲಿಲ್ಲ. ಹೊಸದು ಕೊಳ್ಳುವುದಾದರೆ ಇನ್ನೂ ದಪ್ಪ ಬಟ್ಟೆ ತೆಗೆದುಕೊಳ್ಳಬೇಕೇ?

ಉಬ್ಬುವುದು, ಸೊರಗುವುದು ಅಷ್ಟಕ್ಕೇ ಸೋರಿಕೆ ಎನ್ನಲಾಗದು. 20 ಡಿಗ್ರಿಯ ಗ್ಯಾಸ್ 40 ಡಿಗ್ರಿಗೆ ಕಾದರೆ ಶೇ. 7ರಷ್ಟು ಹಿಗ್ಗುತ್ತದೆ, ಒಳಗಿನ ನೀರಾವಿಯೂ ಸೇರಿ ಶೇ. 12ರ ಹತ್ತಿರ ಹೋಗುತ್ತದೆ. ರಾತ್ರಿ ಅಷ್ಟೇ ಕುಗ್ಗುತ್ತದೆ. ಹಾಗಾಗಿ ಅಳತೆ ಯಾವಾಗಲೂ ಸೂರ್ಯ ಹುಟ್ಟುವ ಮೊದಲೇ ಆಗಬೇಕು. ಒಲೆಯ ವಾಲ್ವ್ ಮುಚ್ಚಿ, ಬಲೂನಿನ ಎರಡೂ ಬದಿ ಕೋಲು ನೆಟ್ಟು, ದಾರ ಕಟ್ಟಿ ಎತ್ತರ ಗುರುತು ಮಾಡಿ. ಮರುದಿನ ಅದೇ ಹೊತ್ತಿಗೆ ಮತ್ತೆ ನೋಡಿ. ಬಲೂನು ಅರ್ಧಂಬರ್ಧ ತುಂಬಿರುವಾಗ ಈ ಪರೀಕ್ಷೆ ಮಾಡಬೇಕು, ಆಗ ಒತ್ತಡ ಹೆಚ್ಚುಕಡಿಮೆ ಬದಲಾಗದೆ ಎತ್ತರವೇ ಲೆಕ್ಕ ಹೇಳುತ್ತದೆ. ನಾಲ್ಕು ಹಸುವಿನ 40 ಕಿಲೋ ಸಗಣಿ ದಿನಕ್ಕೆ ಸುಮಾರು 1600 ಲೀಟರ್ ಗ್ಯಾಸ್ ಕೊಡಬೇಕು. ಎತ್ತರ ಏರದಿದ್ದರೆ, ಸಗಣಿಯೂ ಸರಿಯಾಗಿ ಹೋಗುತ್ತಿದ್ದರೆ, ಅದು ಸೋರಿಕೆಯೇ. ನಿಮ್ಮಲ್ಲಿ ಗುಳ್ಳೆಯೂ ಕಂಡಿರುವುದರಿಂದ ಅನುಮಾನಕ್ಕೆ ಜಾಗವಿಲ್ಲ.

ಹಾಗೆಂದು ಬಟ್ಟೆಯ ಮೂಲಕವೇ ಗ್ಯಾಸ್ ಹೋಗುತ್ತಿದೆ ಎಂದುಕೊಳ್ಳಬೇಡಿ. ಒಳ್ಳೆಯ ಲೇಪಿತ ಬಟ್ಟೆಯಲ್ಲಿ ಒಂದು ಚದರ ಮೀಟರಿನಿಂದ, ಒಂದು ಬಾರ್ (ಹೆಚ್ಚುಕಡಿಮೆ ವಾತಾವರಣದಷ್ಟು) ಮೀಥೇನ್ ಒತ್ತಡಕ್ಕೆ, ದಿನಕ್ಕೆ ತಪ್ಪಿಸಿಕೊಳ್ಳುವುದು ಸುಮಾರು 400 ಮಿ.ಲೀ. ಗ್ಯಾಸಿನಲ್ಲಿ ಮೀಥೇನ್ ಶೇ. 60 ಎಂದರೆ 10 ಚದರ ಮೀಟರ್ ಬಟ್ಟೆಗೆ ದಿನಕ್ಕೆ ಎರಡೂವರೆ ಲೀಟರ್. 1600ರಲ್ಲಿ ಅದು ಯಾವ ಲೆಕ್ಕ?

ಬಲದ ಲೆಕ್ಕವೂ ಹೀಗೆಯೇ. ಬಟ್ಟೆಯ ಮೇಲಿನ ಎಳೆತ ಎಂದರೆ ಒತ್ತಡ ಗುಣಿಸು ತ್ರಿಜ್ಯ. 2 ಮೀಟರ್ ವ್ಯಾಸದ ಬಲೂನಿನಲ್ಲಿ 10 ಸೆಂ.ಮೀ. ನೀರಿನಷ್ಟು ಒತ್ತಡವಿದ್ದರೆ 5 ಸೆಂ.ಮೀ. ಅಗಲದ ಪಟ್ಟಿಯ ಮೇಲೆ ಬೀಳುವುದು ಬರೀ 5 ಕಿಲೋ ಭಾರ. 900 ಜಿ.ಎಸ್.ಎಂ.ನ (ಚದರ ಮೀಟರಿಗೆ 900 ಗ್ರಾಂ ತೂಗುವ) ಒಳ್ಳೆಯ ಪಾಲಿಯೆಸ್ಟರ್-ಪಿವಿಸಿ ಬಟ್ಟೆಯ ಅದೇ ಪಟ್ಟಿ ಹರಿಯಲು 400 ಕಿಲೋ ಬೇಕು. ಗ್ಯಾಸಿಗೆ ಇನ್ನೂ ದಪ್ಪ ಬಟ್ಟೆ ಬೇಡವೇ ಬೇಡ. ಆದರೆ ಬಗ್ಗಡದ ಲೆಕ್ಕ ಬೇರೆ: ಒಂದು ಮೀಟರ್ ಆಳದ ಬಗ್ಗಡ ತಳದಲ್ಲಿ ಗ್ಯಾಸಿನ ಹತ್ತು ಪಟ್ಟು ಒತ್ತುತ್ತದೆ. ಆ ಭಾರ ಹೊರಬೇಕಾದದ್ದು ಗುಂಡಿಯ ಮಣ್ಣು, ಬಟ್ಟೆಯಲ್ಲ. ಬದಿಯ ಮಣ್ಣು ಜರಿದು ಬಲೂನು ಹೊರಗೆ ಬುರುಬುರು ಉಬ್ಬಿದ್ದರೆ ಮೊದಲು ಅಲ್ಲಿ ಮಣ್ಣು ತುಂಬಿ ಬಡಿಯಿರಿ.

ಹಾಗಾದರೆ ಸೋಲುವುದು ಎಲ್ಲಿ? ಬೆಸುಗೆಯಲ್ಲಿ, ಅದೂ ಒಂದೇ ದಿಕ್ಕಿನ ಎಳೆತಕ್ಕೆ. ಎರಡು ಹಾಳೆ 4 ಸೆಂ.ಮೀ. ಒಂದರ ಮೇಲೊಂದು ಕೂತ ಬೆಸುಗೆಯನ್ನು ಅಡ್ಡಕ್ಕೆ ಎಳೆದರೆ ಅದು ಬಟ್ಟೆಗೆ ಹತ್ತಿರದ ಬಲ ತೋರಿಸುತ್ತದೆ. ಅದೇ ಬೆಸುಗೆಯ ತುದಿ ಹಿಡಿದು ಬಾಳೆಹಣ್ಣಿನ ಸಿಪ್ಪೆ ಸುಲಿದಂತೆ ಎಳೆದರೆ 5 ಸೆಂ.ಮೀ.ಗೆ 10 ಕಿಲೋ ಆಸುಪಾಸಿನಲ್ಲಿ ಬಿಟ್ಟುಕೊಡುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಕಪ್ಪು ಬಟ್ಟೆ 60 ಡಿಗ್ರಿ ದಾಟಿದಾಗ ಪಿವಿಸಿ ಮೆತ್ತಗಾಗಿ ಇನ್ನೂ ಕಡಿಮೆ. ಒಲೆಗೆ ಒತ್ತಡ ಸಾಲದೆಂದು ಬಲೂನಿಗೆ ಅಡ್ಡಡ್ಡ ಹಗ್ಗ ಬಿಗಿಯುತ್ತಾರಲ್ಲ, ಆ ಹಗ್ಗ ಮಾಡುವುದು ಇದೇ ಸುಲಿಯುವ ಕೆಲಸ. ಒತ್ತಡ ಬೇಕಿದ್ದರೆ ಅಗಲವಾದ ಮರಳಿನ ಚೀಲ ಬೆಸುಗೆ ಬಿಟ್ಟು ಇಡಿ. ಅದರಿಂದಲೂ ಬಹಳ ನಿರೀಕ್ಷೆ ಬೇಡ. ಒಂದು ಸೆಂ.ಮೀ. ನೀರಿನ ಒತ್ತಡಕ್ಕೆ ಪ್ರತಿ ಚದರ ಮೀಟರಿಗೆ 10 ಕಿಲೋ ಭಾರ ಬೇಕು. ಒಲೆ ಕೇಳುವುದು 8 ಸೆಂ.ಮೀ. ಹತ್ತಿರ. ದೂರದ ಅಡುಗೆಮನೆಗೆ ಪೈಪ್ ದಪ್ಪ ಮಾಡುವುದು ಇಲ್ಲವೇ ಸಣ್ಣ ಬಯೋಗ್ಯಾಸ್ ಪಂಪ್ ಹಾಕುವುದು ಜಾಣತನ.

ನಿಮ್ಮ ಗುಳ್ಳೆ ಬೆಸುಗೆಯ ಅಂಚಿನಲ್ಲಿ ಸಾಲಾಗಿ, ಪುಟ್ಟಪುಟ್ಟದಾಗಿ ಬರುತ್ತಿದ್ದರೆ, ಬೆಸುಗೆ ಗಟ್ಟಿಯಾಗಿಯೂ ಇದ್ದರೆ, ಅದು ಇನ್ನೊಂದು ಕಾಯಿಲೆ. ಪಾಲಿಯೆಸ್ಟರ್ ನೂಲು ಎಂದರೆ ನೂರಾರು ಎಳೆಗಳ ಕಟ್ಟು. ಒಳಗಡೆ ಕತ್ತರಿಸಿದ ಅಂಚಿನಲ್ಲಿ ಆ ಕಟ್ಟು ಬಾಯಿ ತೆರೆದಿರುತ್ತದೆ. ಗ್ಯಾಸ್ ಅಲ್ಲಿ ನುಗ್ಗಿ, ನೂಲಿನುದ್ದಕ್ಕೂ ಬೆಸುಗೆಯ ಕೆಳಗೇ ಹರಿದು, ಹೊರಗಿನ ಕತ್ತರಿಸಿದ ಅಂಚಿನಲ್ಲಿ ಹೊರಬರುತ್ತದೆ. ಬಗ್ಗಡದ ನೀರೂ ಹೀಗೆಯೇ ಹೀರಿಕೊಳ್ಳುತ್ತದೆ, ಅದರಲ್ಲಿನ ಅಮೋನಿಯಾ ವರ್ಷಗಟ್ಟಲೆ ಪಾಲಿಯೆಸ್ಟರನ್ನು ತಿನ್ನುತ್ತದೆ. ಒಳ್ಳೆಯ ತಯಾರಕರು ನೂಲಿಗೇ ನೀರು ಹೀರದ ಉಪಚಾರ ಮಾಡಿದ ಬಟ್ಟೆ ಬಳಸಿ, ಒಳ ಅಂಚಿನ ಮೇಲೆ ಒಂದು ಪಟ್ಟಿ ಬೆಸೆದು ಬಾಯಿ ಮುಚ್ಚುತ್ತಾರೆ. ಈಗ ನಿಮಗೆ ಒಳಗಿನಿಂದ ಮುಚ್ಚಲಾಗದು. ಹೊರ ಅಂಚು ನಡುವೆ ಬರುವಂತೆ 5 ಸೆಂ.ಮೀ. ಅಗಲದ ಪಟ್ಟಿ ಉದ್ದಕ್ಕೂ ಅಂಟಿಸುವುದೇ ದಾರಿ.

ಅಂಟಿಸುವ ಮೊದಲು ಬಟ್ಟೆ ಯಾವುದೆಂದು ಖಾತ್ರಿ ಮಾಡಿಕೊಳ್ಳಿ, ಏಕೆಂದರೆ ಒಂದರ ಅಂಟು ಇನ್ನೊಂದಕ್ಕೆ ಹಿಡಿಯದು. ತುಂಡೊಂದನ್ನು ಗುಂಡಿಯಿಂದ ದೂರ ಒಯ್ದು ಪರೀಕ್ಷಿಸಿ. ನೀರಿಗೆ ಹಾಕಿದರೆ ತೇಲಿತೇ? ಅದು ಪಾಲಿಥಿನ್ ಜಾತಿ. ಯಾವ ಅಂಟೂ ಬಾಳುವುದಿಲ್ಲ, ಬಿಸಿ ಬೆಸುಗೆಯೇ ಗತಿ. ಮುಳುಗಿತೇ? ತಾಮ್ರದ ತಂತಿ ಕೆಂಪಗೆ ಕಾಯಿಸಿ ಬಟ್ಟೆಗೆ ತಾಗಿಸಿ, ಮತ್ತೆ ಉರಿಗೆ ಹಿಡಿಯಿರಿ. ಹಸಿರು ಜ್ವಾಲೆ ಬಂದರೆ ಕ್ಲೋರಿನ್ ಇದೆ ಎಂದರ್ಥ. ಆದರೆ ಪಿವಿಸಿ, ಹೈಪಲಾನ್ ಮತ್ತು ನಿಯೋಪ್ರೀನ್ ಎಂಬ ಕೃತಕ ರಬ್ಬರ್‌ಗಳು, ಮೂರೂ ಹಸಿರೇ ತೋರಿಸುತ್ತವೆ. ಬಿಸಿ ತಂತಿಗೆ ಕರಗಿ ಅಂಟಿದರೆ ಪಿವಿಸಿ, ಕರಗದೆ ಕರಕಲಾದರೆ ರಬ್ಬರ್ ಜಾತಿ. ಕೇಂದ್ರ ಸರ್ಕಾರದ ಅನುಮೋದಿತ ಮಾದರಿಗಳಲ್ಲಿ ರಬ್ಬರ್ ಲೇಪಿತ ನೈಲಾನ್ ಚೀಲವೂ ಇರುವುದರಿಂದ ಈ ಗೊಂದಲ ಸಹಜ. ರಬ್ಬರ್ ಜಾತಿಗೆ 80 ನಂಬರ್ ಉಪ್ಪುಕಾಗದದಿಂದ ತರಿಮಾಡಿ, ಟೊಲ್ವೀನ್ ದ್ರಾವಕದಲ್ಲಿ ಒರೆಸಿ, ಎರಡು ಭಾಗದ ನಿಯೋಪ್ರೀನ್ ಅಂಟು ಹಾಕಬೇಕು. ಪಿವಿಸಿಗೆ ಅದೇ ನಿಯೋಪ್ರೀನ್ ಹಾಕಿದರೆ ಕೆಲವು ತಿಂಗಳಲ್ಲಿ ಲೋಳೆಯಾಗುತ್ತದೆ.

ಕಾರಣ ಪಿವಿಸಿಯ ಹುಟ್ಟಿನಲ್ಲೇ ಇದೆ. ಮೂಲತಃ ಅದು ಗಡಸು, ಸುಲಭವಾಗಿ ಒಡೆಯುವ ವಸ್ತು. 1926ರಲ್ಲಿ ಅಮೆರಿಕದ ಗುಡ್‌ರಿಚ್ ಕಂಪನಿಯ ವಾಲ್ಡೊ ಸೀಮನ್ ಅದಕ್ಕೆ ಎಣ್ಣೆಯಂಥ ದ್ರವ ಸೇರಿಸಿ ಮೆತ್ತಗೆ ಮಾಡುವುದನ್ನು ಕಂಡುಹಿಡಿದರು. 1941ರಲ್ಲಿ ಬ್ರಿಟನ್ನಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಪಾಲಿಯೆಸ್ಟರ್ ಕೊಟ್ಟರು. ಈ ಎರಡು ಕೂಡಿದ್ದರಿಂದಲೇ ಗಾಳಿ ತುಂಬಿದ ಸಭಾಂಗಣ, ರ‍್ಯಾಫ್ಟು, ನಮ್ಮ ಗ್ಯಾಸ್ ಬಲೂನು ಎಲ್ಲ ಅಗ್ಗವಾದದ್ದು. ಆದರೆ ಆ ಮೆದುಕಾರಕ ಒಳಗೆ ಸುಮ್ಮನೆ ಕೂರುವುದಿಲ್ಲ. ಮೇಲ್ಮೈಗೆ ಬಂದು ಅಂಟನ್ನು ಕರಗಿಸುತ್ತದೆ, ಬಿಸಿಲಿಗೆ ಹಾರಿಹೋಗಿ ಬಟ್ಟೆಯನ್ನು ಸೆಡೆಸುತ್ತದೆ. ಸಿಲಿಕೋನ್ ಅದರ ಮೇಲೆ ನಿಲ್ಲುವುದಿಲ್ಲ, ಸೈಕಲ್ ಪಂಕ್ಚರ್ ಸೊಲ್ಯೂಷನ್ ಹಿಡಿಯುವುದಿಲ್ಲ, ಕ್ಷಣದಲ್ಲಿ ಹಿಡಿಯುವ ಗಮ್ಮು ಗಾಜಿನಂತೆ ಒಡೆಯುತ್ತದೆ. ಸಿಲಿಕೋನ್ ಹಚ್ಚಿದ ಜಾಗಕ್ಕಂತೂ ಮುಂದೆ ಒಳ್ಳೆಯ ಅಂಟೂ ಕೂರದು. ಬ್ಲೇಡಿನಿಂದ ಪೂರ್ತಿ ಕೆರೆದು, ಆ ಜಾಗ ದಾಟಿ ಹೊಸ ಬಟ್ಟೆಗೆ ತಾಗುವಷ್ಟು ದೊಡ್ಡ ತೇಪೆ ಹಾಕಿ.

ಬೇಕಾದದ್ದು ಎರಡು ಭಾಗದ ಪಾಲಿಯುರೆಥೇನ್ (ಪಿಯು) ಅಂಟು. ರಬ್ಬರ್ ದೋಣಿ ರಿಪೇರಿಯವರ ಹತ್ತಿರ ಸಿಗುತ್ತದೆ, ಚಪ್ಪಲಿ-ಶೂ ತಯಾರಿಕೆಯ ಸಾಮಾನು ಮಾರುವಲ್ಲಿಯೂ ಪಿಯು ಅಂಟು ಇರುತ್ತದೆ. ಹಾರ್ಡನರ್ (ಅಂಟಿಗೆ ಬೆರೆಸುವ, ಗಟ್ಟಿ ಮಾಡುವ ಎರಡನೇ ಭಾಗ) ಸಮೇತ ತನ್ನಿ. ತೂಕದಲ್ಲಿ ಅಂಟಿನ ಶೇ. 5ರಷ್ಟು ಹಾರ್ಡನರ್, ಡಬ್ಬಿಯಲ್ಲಿ ಬೇರೆ ಹೇಳಿದ್ದರೆ ಅದರಂತೆ. ಹಾರ್ಡನರ್ ಇಲ್ಲದೆ ಅಂಟಿಸಿದ ತೇಪೆ ಡಿಸೆಂಬರಿನಲ್ಲಿ ಚೆನ್ನಾಗಿಯೇ ಇರುತ್ತದೆ, ಬೇಸಿಗೆಯ ಬಿಸಿಗೆ ಜಾರಿ ಬರುತ್ತದೆ. ಗುಂಪಿನಲ್ಲಿ ‘ಅಂಟು ನಿಲ್ಲುವುದಿಲ್ಲ’ ಎನ್ನುವವರ ದೂರುಗಳಲ್ಲಿ ಬಹುಪಾಲು ಇದೇ ಇರಬೇಕು. 30×30 ಸೆಂ.ಮೀ. ತೇಪೆಗೆ ಎರಡೂ ಮುಖಕ್ಕೆ ಎರಡು ಕೈ ಬಳಿಯಲು 50-60 ಗ್ರಾಂ ಸಾಕು.

ಗ್ಯಾಸ್ ಬಿಟ್ಟು ಬಲೂನು ಬಗ್ಗಡದ ಮೇಲೆ ಮಲಗುವಂತೆ ಮಾಡಿ. ಹತ್ತಿರ ಬೀಡಿ, ಮೊಬೈಲ್, ಒಲೆ ಏನೂ ಬೇಡ, ಒಳಗೆ ತಲೆ ಹಾಕುವುದಂತೂ ಬೇಡವೇ ಬೇಡ. ಬಗ್ಗಡ ಗ್ಯಾಸ್ ಮಾಡುವುದನ್ನು ನಿಲ್ಲಿಸುವುದಿಲ್ಲವಲ್ಲ, ಅಂಟು ಒಣಗುವ ತನಕ ಪೈಪ್ ತೆರೆದೇ ಇರಬೇಕು. ಅದರ ಬಾಯಿಯನ್ನು ಮನೆಯಿಂದ ದೂರ, ಆಳೆತ್ತರಕ್ಕಿಂತ ಮೇಲೆ ಕಟ್ಟಿ. ಇದನ್ನು ಮರೆತರೆ ರಾತ್ರಿ ಬರುವ ಗ್ಯಾಸ್ ಹಸಿ ಅಂಟಿನ ಮೂಲಕವೇ ದಾರಿ ಮಾಡಿಕೊಳ್ಳುತ್ತದೆ.

ತೇಪೆ ರಂಧ್ರಕ್ಕಿಂತ ಎಲ್ಲ ಕಡೆ 5 ಸೆಂ.ಮೀ. ದೊಡ್ಡದಿರಲಿ, ಮೂಲೆಗಳು ದುಂಡಗಿರಲಿ. ಚೂಪು ಮೂಲೆಯೇ ಮೊದಲು ಏಳುವುದು. ಹಳೆಯ ಫ್ಲೆಕ್ಸ್ ಬ್ಯಾನರ್ ಕತ್ತರಿಸಿ ಹಾಕಬೇಡಿ, ಅದು ಎರಡು ಪದರ ಒತ್ತಿ ಅಂಟಿಸಿದ್ದು, ಪದರವೇ ಬಿಡುತ್ತದೆ. ಸೋಪಿನಿಂದ ತೊಳೆದು ಒಣಗಿಸಿ, ಬಿಳಿ ಹತ್ತಿ ಬಟ್ಟೆಗೆ ಎಂ.ಇ.ಕೆ. (ಮೀಥೈಲ್ ಈಥೈಲ್ ಕೀಟೋನ್) ದ್ರಾವಕ ಹಾಕಿ ಒಂದೇ ದಿಕ್ಕಿಗೆ ಮೂರು ಸಲ ಒರೆಸಿ, ಪ್ರತಿ ಸಲ ಬಟ್ಟೆಯ ಹೊಸ ಭಾಗದಿಂದ. ತುಂಬ ಹೊಳಪಿನ, ಕೊಳೆ ಹಿಡಿಯದ ಪಿವಿಡಿಎಫ್ ಲೇಪವಿದ್ದರೆ ಎಂ.ಇ.ಕೆ. ಸಾಲದು. 120 ನಂಬರ್ ಕಾಗದದಿಂದ ಹೊಳಪು ಹೋಗುವಷ್ಟು ಮಾತ್ರ ಉಜ್ಜಿ, ನೂಲು ಕಾಣಿಸಬಾರದು. ತೆಳುವಾಗಿ ಮೊದಲ ಕೈ, ಅರ್ಧ ಗಂಟೆ ಬಿಡಿ. ಎರಡನೇ ಕೈ, ಬೆರಳ ಗೆಣ್ಣು ತಾಗಿಸಿದರೆ ಅಂಟಂಟು ಎನ್ನಿಸಿ ಕೈಗೆ ಹತ್ತದ ಹದಕ್ಕೆ ಕಾಯಿರಿ, ಹತ್ತು ನಿಮಿಷ ಆಗಬಹುದು. ಆಮೇಲೆ ಒಂದು ಕಡೆಯಿಂದ ಮಲಗಿಸುತ್ತಾ ಬಂದು, ನಡುವಿನಿಂದ ಅಂಚಿಗೆ ರೋಲರ್ ಒತ್ತಿ. ಮೇಲೆ ಮರಳಿನ ಚೀಲ ಇಟ್ಟು ಕನಿಷ್ಠ 24 ಗಂಟೆ, ಸಾಧ್ಯವಾದರೆ ಮೂರು ದಿನ ಬಿಡಿ. ಹಾರ್ಡನರ್ ಗಾಳಿಯ ತೇವದೊಂದಿಗೇ ವರ್ತಿಸಿ ಕೆಡುವುದರಿಂದ ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಈ ಕೆಲಸ ಹಚ್ಚಿಕೊಳ್ಳಬಾರದು. ಒಣ ದಿನ, ಹನ್ನೊಂದರಿಂದ ಮೂರು ಗಂಟೆಯೊಳಗೆ, ನೆರಳು ಮಾಡಿಕೊಂಡು. ಕೈಗವಸು ಹಾಕಿ, ಗಾಳಿಗೆ ಬೆನ್ನು ಮಾಡಿ ಕೂರಿ, ಹಾರ್ಡನರ್ ಆವಿ ಶ್ವಾಸಕ್ಕೆ ಒಳ್ಳೆಯದಲ್ಲ.

ತೇಪೆ ಹಾಕಿದ ಮೇಲೂ ಗುಳ್ಳೆ ಬಂದರೆ ಗ್ಯಾಸ್ ಹೊರಬರುವ ಫ್ಲೇಂಜ್ (ಪೈಪನ್ನು ಬಟ್ಟೆಗೆ ಬಿಗಿಯುವ ಬಳೆ) ನೋಡಿ. ಪಿವಿಸಿ ಒತ್ತಡಕ್ಕೆ ನಿಧಾನ ತೆಳುವಾಗುತ್ತದೆ, ಬಿಗಿದ ನಟ್ಟು ವಾರದಲ್ಲಿ ಸಡಿಲ. ಎರಡೂ ಬದಿ 3 ಮಿ.ಮೀ. ನೈಟ್ರೈಲ್ ರಬ್ಬರ್ ವಾಷರ್, ಫ್ಲೇಂಜಿನ ಎರಡರಷ್ಟು ಅಗಲದ ಬಟ್ಟೆ ಬಿಲ್ಲೆ, ಕೈಯಲ್ಲಿ ಬಿಗಿದು ಮೇಲೆ ಕಾಲು ಸುತ್ತು, ವಾರದ ನಂತರ ಇನ್ನೊಮ್ಮೆ. ಹಿತ್ತಾಳೆ ಬೇಡ, ಹೈಡ್ರೋಜನ್ ಸಲ್ಫೈಡ್ ತಿಂದುಹಾಕುತ್ತದೆ. ಒತ್ತಡ ಹೆಚ್ಚಾದರೆ ತಾನಾಗಿ ಹೊರಹೋಗಲು ಪೈಪಿಗೆ ಒಂದು ಟೀ (ಮೂರು ಬಾಯಿಯ ಜೋಡಣೆ) ಹಾಕಿ, ಅದರ ತುದಿ ಬಾಟಲಿಯ ನೀರಿನಲ್ಲಿ 12 ಸೆಂ.ಮೀ. ಮುಳುಗಿರಲಿ. ನೀರು ಆರದಂತೆ ವಾರಕ್ಕೊಮ್ಮೆ ನೋಡಿ.

ಬಿಸಿಲಿಗೆ ನೆರಳು ಬಲೆಯೋ ಅಡಿಕೆ ಸೋಗೆಯೋ, ಯಾವುದಾದರೂ ಸರಿ, ಉಬ್ಬಿದ ಬಲೂನಿಗಿಂತ ಒಂದಡಿ ಮೇಲಿರಬೇಕು. ತಾಗಿದ ಬಲೆ ಗಾಳಿಗೆ ಉಜ್ಜಿ ಉಜ್ಜಿ ಲೇಪ ಸವೆಸುತ್ತದೆ.

ಹೊಸದು ಕೊಳ್ಳುವುದಾದರೆ ಮಾದರಿ ತುಂಡು ಕೇಳಿ. ಸರಿಯಾಗಿ 10×10 ಸೆಂ.ಮೀ. ಕತ್ತರಿಸಿ ಚಿನ್ನದಂಗಡಿಯ ತಕ್ಕಡಿಯಲ್ಲಿ ತೂಗಿ. 9 ಗ್ರಾಂ ಬಂದರೆ 900 ಜಿ.ಎಸ್.ಎಂ., ಆರೂವರೆ ಬಂದರೆ 650. ಮನೆ ಬಳಕೆಗೆ 650ರದ್ದೂ ನಡೆಯುತ್ತದೆ, ಆದರೆ ಲೇಪ ಹೇಗೆ ಆಗಿದೆ ಎಂಬುದು ತೂಕಕ್ಕಿಂತ ಮುಖ್ಯ. ಮೂಲೆಯಲ್ಲಿ ಬ್ಲೇಡಿನಿಂದ ಲೇಪ ಎಬ್ಬಿಸಿ ಇಕ್ಕಳದಲ್ಲಿ ಎಳೆಯಿರಿ. ಹಾಳೆಯಂತೆ ಸಲೀಸಾಗಿ ಬಿಟ್ಟು ಬಂದು ಜಾಳುಜಾಳು ನೂಲು ಕಂಡರೆ ಅದು ಲ್ಯಾಮಿನೇಟ್ ತಾಡಪಾಲು, ಎಷ್ಟೇ ತೂಕವಿರಲಿ ಬೇಡ. ಹಾಸು ಹೊಕ್ಕು ಎರಡೂ 1000 ಡೆನಿಯರ್ (ನೂಲಿನ ದಪ್ಪದ ಅಳತೆ), ಎರಡೂ ಬದಿ ಚಾಕು ಲೇಪ (ದ್ರವ ಪಿವಿಸಿಯನ್ನು ಅಲಗಿನಿಂದ ಸವರಿದ್ದು), ಹೀರದ ನೂಲು, ಬೆಸುಗೆ ಕನಿಷ್ಠ 4 ಸೆಂ.ಮೀ., ಒಳ ಅಂಚಿಗೆ ಮುಚ್ಚುಪಟ್ಟಿ ಎಂದು ಬಿಲ್ಲಿನಲ್ಲೇ ಬರೆಸಿಕೊಳ್ಳಿ. ‘ಹೈಪಲಾನ್’ ಎಂದು ದುಬಾರಿ ಬೆಲೆ ಹೇಳಿದರೆ ಯಾರ ತಯಾರಿಕೆ ಎಂದು ಕೇಳಿ. ಆ ಹೆಸರಿನ ಮೂಲ ಕಂಪನಿ ಡುಪಾಂಟ್ 2010ರಲ್ಲೇ ಅದರ ಉತ್ಪಾದನೆ ನಿಲ್ಲಿಸಿದೆ, ಈಗ ಬರುವುದು ಬೇರೆಯವರ ರಬ್ಬರ್. ಅದು ಒಳ್ಳೆಯದೂ ಇರಬಹುದು, ಆದರೆ ಹೆಸರಿಗಾಗಿ ಹೆಚ್ಚು ದುಡ್ಡು ಕೊಡಬೇಕಿಲ್ಲ.

ತೇಪೆಗೆ ಕೈ ಹಾಕುವ ಮೊದಲು ಗುಳ್ಳೆ ಬರುವ ಜಾಗದ ಹತ್ತಿರದ ಫೋಟೊ, ಬೆಸುಗೆಯ ಅಗಲಕ್ಕೆ ಪಕ್ಕದಲ್ಲಿ ಸ್ಕೇಲ್ ಇಟ್ಟು ಹಾಕಿ. ಸುಲಿದು ಬಂದದ್ದೋ ನೂಲಿನಿಂದ ಬರುವುದೋ ನೋಡಿ ಹೇಳಬಹುದು.