ಐಸ್‌ಲ್ಯಾಂಡ್ 2016ರಲ್ಲಿ ದಿಢೀರ್ ಅಂತ ಬಂದಿದ್ದಲ್ಲ

ಐಸ್‌ಲ್ಯಾಂಡ್ 2016ರ ಯೂರೋ ಫುಟ್‌ಬಾಲ್ ಟೂರ್ನಿಯಲ್ಲಿ ಇಂಗ್ಲೆಂಡನ್ನು ಸೋಲಿಸಿದ್ದು ಬರೀ ಅದೃಷ್ಟವಾ, ಮೊದಲೇ ಸುಳಿವಿತ್ತಾ ಅಂತ ಕೇಳಿದ್ದೀರಿ. ಸುಳಿವು ಇತ್ತು. ಅವರ 21 ವರ್ಷದೊಳಗಿನವರ ತಂಡವನ್ನು ನೋಡಿ.

2010ರ ಆಗಸ್ಟ್‌ನಲ್ಲಿ ಆ ಹುಡುಗರು ಆ ವಯೋಮಿತಿಯಲ್ಲಿ ಆಗಿನ ಯುರೋಪ್ ಚಾಂಪಿಯನ್ ಜರ್ಮನಿಯನ್ನು 4-1ರಿಂದ ಸೋಲಿಸಿದರು. ಆಮೇಲೆ ಸ್ಕಾಟ್ಲೆಂಡನ್ನು ಎರಡೂ ಪಂದ್ಯಗಳಲ್ಲಿ 2-1ರಿಂದ ಮಣಿಸಿ 2011ರಲ್ಲಿ ಡೆನ್ಮಾರ್ಕ್‌ನಲ್ಲಿ ನಡೆದ 21 ವರ್ಷದೊಳಗಿನವರ ಯೂರೋ ಟೂರ್ನಿಗೆ ಮೊದಲ ಸಲ ಅರ್ಹತೆ ಪಡೆದರು. ಅಲ್ಲಿ ಬೆಲಾರಸ್, ಸ್ವಿಟ್ಜರ್ಲೆಂಡ್ ಎರಡರ ವಿರುದ್ಧವೂ 0-2ರಿಂದ ಸೋತರು, ಆದರೆ ಕೊನೆಯ ಪಂದ್ಯದಲ್ಲಿ ಆತಿಥೇಯ ಡೆನ್ಮಾರ್ಕನ್ನೇ 3-1ರಿಂದ ಸೋಲಿಸಿದರು. ಐಸ್‌ಲ್ಯಾಂಡ್, ಬೆಲಾರಸ್, ಡೆನ್ಮಾರ್ಕ್ ಮೂರು ತಂಡಗಳಿಗೂ 3 ಅಂಕ, ಈ ಮೂರರ ನಡುವಿನ ಪಂದ್ಯಗಳ ಗೋಲು ವ್ಯತ್ಯಾಸದಲ್ಲಿ ಬೆಲಾರಸ್ ಮುಂದೆ ಹೋಯಿತು. ಅದು ಈಗಲೂ ಬೇಜಾರಾಗುತ್ತೆ ನನಗೆ.

ಆ ತಂಡದಲ್ಲಿ ಯಾರಿದ್ದರು ಗೊತ್ತಾ? ಗಿಲ್ಫಿ ಸಿಗುರ್ಡ್ಸನ್, ಆರೊನ್ ಗುನ್ನಾರ್ಸನ್, ಬಿರ್ಕಿರ್ ಬ್ಯಾರ್ನಾಸನ್, ಮತ್ತೆ ಐದು ವರ್ಷದ ನಂತರ ಇಂಗ್ಲೆಂಡ್ ವಿರುದ್ಧ ಗೆಲುವಿನ ಗೋಲು ಹೊಡೆದ ಕೋಲ್ಬೆನ್ ಸಿಗ್ಥೋರ್ಸನ್. ಅದೇ ಹುಡುಗರು, ಅಷ್ಟೇ!

ಇದರ ಹಿಂದೆ ಒಳಾಂಗಣ ಮೈದಾನಗಳ ಪಾತ್ರ ಜಾಸ್ತಿ. 2000ರಿಂದ ಈಚೆಗೆ ದೊಡ್ಡ ದೊಡ್ಡ ಹಾಲ್‌ಗಳನ್ನು ಕಟ್ಟಿದರು, ಹಾಗಾಗಿ ಚಳಿಗಾಲದ ಹಿಮ, ಗಾಳಿಯಲ್ಲೂ ಮಕ್ಕಳ ಅಭ್ಯಾಸ ನಿಲ್ಲಲಿಲ್ಲ. ಚಿಕ್ಕ ಮಕ್ಕಳಿಗೂ ತರಬೇತಿ ಪಡೆದ, ಲೈಸೆನ್ಸ್ ಇರುವ ಕೋಚ್‌ಗಳೇ ಕಲಿಸುತ್ತಾರೆ.